ಟಿ-55 ಟ್ಯಾಂಕ್ ಕಿಟ್ (1/35, ಒಳಭಾಗ ಸಮೇತ): ಇಟ್ಟುಕೊಳ್ಳಲೋ, ವಾಪಸ್ ಮಾಡಲೋ?

ಹಾಸನದ ಹವ್ಯಾಸಿ:

ಎಲ್ಲರಿಗೂ ನಮಸ್ಕಾರ. ಇದುವರೆಗೆ ನಾನು ಕಟ್ಟಿದ್ದೆಲ್ಲ ಪ್ಲಾಸ್ಟಿಕ್ ಮಾದರಿ ವಿಮಾನಗಳೇ, ಅದೂ 1/72 ಅಳತೆಯವು, ಅಂದರೆ ನಿಜವಾದದ್ದರ 72ರಲ್ಲಿ ಒಂದು ಪಾಲು. ಈಗ ಮೊದಲ ಸಲ ಟ್ಯಾಂಕಿಗೆ ಕೈ ಹಾಕಿದ್ದೇನೆ. ಮಿನಿಆರ್ಟ್‌ನವರ 1/35 ಟಿ-55ಎ, ಒಳಗಿನ ಎಂಜಿನ್, ಸೀಟು, ಗುಂಡು ಎಲ್ಲ ಇರುವ ಕಿಟ್. ಇದಕ್ಕೆಲ್ಲ ಕಾರಣ ನಮ್ಮ ಮಾವ, ಅಂದರೆ ಹೆಂಡತಿಯ ತಂದೆ. ಸೇನೆಯ ವಾಹನ, ಯಂತ್ರ ರಿಪೇರಿ ಮಾಡುವ ಇ.ಎಂ.ಇ. ವಿಭಾಗದಲ್ಲಿ ಮೆಕ್ಯಾನಿಕ್ ಆಗಿದ್ದವರು. ಟಿ-55 ಎಂಜಿನ್ ಬಿಚ್ಚಿ ಕಟ್ಟಿದ ಕೈ ಅವರದು. ಮಾಡಿದರೆ ಅವರು ನೋಡಿ ನಗಬಾರದು, ಅಷ್ಟೇ ಆಸೆ.

ಪೆಟ್ಟಿಗೆ ತೆರೆದರೆ ಎದೆ ಧಸಕ್ಕೆಂದಿತು. ಸಾವಿರಕ್ಕೂ ಜಾಸ್ತಿ ಬಿಡಿಭಾಗ. ಕೆಲವು ಅಕ್ಕಿ ನುಚ್ಚಿಗಿಂತ ಸಣ್ಣವು. ಮೇಲೆ ಹಿತ್ತಾಳೆಯ ಎಚಿಂಗ್ ಹಾಳೆ ಬೇರೆ, ಅಂದರೆ ಸಣ್ಣ ಭಾಗಗಳನ್ನು ಕೊರೆದಿರುವ ತೆಳು ತಗಡು. ಅಂಗಡಿಯವರು ವಾಪಸ್ ತಗೋತೀವಿ ಅಂದಿದ್ದಾರೆ. ಆದರೆ ಒಂದು ಭಾಗವನ್ನೂ ಕತ್ತರಿಸಿರಬಾರದಂತೆ.

ಹಾಗಾಗಿ ಪ್ರಶ್ನೆ ಇದು. ಕಟ್ಟದೆ, ಬರೀ ಪೆಟ್ಟಿಗೆಯಲ್ಲಿ ನೋಡಿ ಒಂದು ಕಿಟ್ ಒಳ್ಳೆಯದೋ ಅಲ್ಲವೋ ಅಂತ ಹೇಗೆ ಹೇಳುವುದು? ಭಾಗಗಳು ಜಾಸ್ತಿ ಇದ್ದರೆ ಕಿಟ್ ಜಾಸ್ತಿ ಒಳ್ಳೆಯದು ಅಲ್ವಾ?

ಕರಾವಳಿ ಬ್ರಷ್:

ಮೊದಲ ಟ್ಯಾಂಕ್ ಅಂದ ಮೇಲೆ ನನ್ನ ಮತ ಟಮಿಯಾ ಕಂಪನಿಯ ಟಿ-55ಎಗೆ. 2002ರ ಕಿಟ್, ಈಗಲೂ ಮಾರಾಟದಲ್ಲಿದೆ. ಒಳಗೆ ಏನೂ ಇಲ್ಲ, ಹಿತ್ತಾಳೆಯೂ ಇಲ್ಲ. ಆದರೆ ತಕರಾರಿಲ್ಲದೆ ಕೂರುತ್ತದೆ. ಸಲೀಸಾಗಿ ಮುಗಿಯುತ್ತದೆ. ಉಳಿದದ್ದು ಪೀಣ್ಯದ ಸರ್ ಹೇಳಲಿ, ಅವರಿಗೆ ಇದು ಹೊಟ್ಟೆಪಾಡಿನ ವಿದ್ಯೆ.

ಪೀಣ್ಯ ಡೈಮೇಕರ್:

ಹೌದು, ನಾನು ಪ್ಲಾಸ್ಟಿಕ್ ಇಂಜೆಕ್ಷನ್ ಡೈ, ಅಂದರೆ ಕರಗಿದ ಪ್ಲಾಸ್ಟಿಕ್ ತುಂಬುವ ಅಚ್ಚು ಮಾಡಿಯೇ ತಲೆ ಬೆಳ್ಳಗಾದವನು. ಬಕೆಟ್ ಮುಚ್ಚಳ, ಸ್ವಿಚ್ ಬಾಕ್ಸ್, ಮಿಕ್ಸಿ ಹಿಡಿ. ಅದಕ್ಕೇ ಕಿಟ್ ಕೈಗೆ ಬಂದರೆ ನನಗೆ ಮೊದಲು ಕಾಣುವುದು ಡೈ. ಟ್ಯಾಂಕ್ ಆಮೇಲೆ.

ಭಾಗಗಳ ಲೆಕ್ಕ ಬಿಟ್ಟುಬಿಡಿ. ಅದರಿಂದ ಏನೂ ತಿಳಿಯುವುದಿಲ್ಲ. ಡೈ ಅಂದರೆ ಎರಡು ಉಕ್ಕಿನ ಪಾಲು. ಅವು ನೇರವಾಗಿ ಮುಚ್ಚಿ, ನೇರವಾಗಿ ತೆರೆಯುತ್ತವೆ. ಒಂದು ಪೆಟ್ಟಿಗೆಯ ಮೇಲ್ಮೈಯಲ್ಲೂ ನಾಲ್ಕು ಪಕ್ಕದಲ್ಲೂ ಬೋಲ್ಟ್, ಗೆರೆ, ಬೆಸುಗೆ ಬೇಕಂದರೆ ನೇರ ತೆರೆಯುವ ಡೈಯಿಂದ ಆಗದು. ಪಕ್ಕದಿಂದ ಜಾರುವ ಸ್ಲೈಡ್ ಕೂರಿಸಬೇಕು, ಅದು ದುಬಾರಿ. ಇಲ್ಲದಿದ್ದರೆ ಪೆಟ್ಟಿಗೆಯನ್ನು ಐದಾರು ಹಲಗೆಯಾಗಿ ಒಡೆದು ಕೊಟ್ಟು, ನೀನೇ ಜೋಡಿಸಿಕೋ ಅನ್ನಬೇಕು. ನಿಮ್ಮ ಕಿಟ್‌ನ ಹಲ್ (ಟ್ಯಾಂಕಿನ ಕೆಳಗಿನ ಒಡಲು) ಎರಡನೇ ಜಾತಿಯದು. ತಳ ಬೇರೆ, ಪಕ್ಕ ಬೇರೆ, ಹಿಂದಿನ ಗೋಡೆ ಬೇರೆ. ಒಳಭಾಗ ಇರುವ ಕಿಟ್‌ಗೆ ಇದೇ ಸರಿ, ಯಾಕಂದರೆ ಪ್ರತಿ ಹಲಗೆಯ ಒಳಮೈಯಲ್ಲೂ ಕೆಲಸ ತೋರಿಸಬಹುದು. ಆದರೆ ಮೂಲೆಮಟ್ಟ ನಿಮ್ಮ ಕೈಗೆ ಬಂತು. 1/35ರಲ್ಲಿ 0.1 ಮಿ.ಮೀ. ತಪ್ಪು ಅಂದರೆ ನಿಜವಾದ ಟ್ಯಾಂಕಿನಲ್ಲಿ 3.5 ಮಿ.ಮೀ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹತ್ತು ಜೋಡಣೆಯಲ್ಲೂ ಒಂದೇ ಕಡೆಗೆ ಜರುಗಿತು ಅನ್ನಿ, ಆಗ 1 ಮಿ.ಮೀ. ಮೇಲಿನ ಹಲಗೆ ಕೂರುವುದೇ ಇಲ್ಲ.

ಈಗ ಕತ್ತರಿಸದೆ ನೋಡುವ ಕೆಲಸ. ಭಾಗಗಳು ಅಂಟಿಕೊಂಡಿರುವ ರನ್ನರ್ ಚೌಕಟ್ಟನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿಯಿರಿ. ಅಂಚಿನಲ್ಲಿ ತೆಳು ಪೊರೆ ಇದ್ದರೆ ಅದು ಫ್ಲ್ಯಾಶ್. ಬ್ಲೇಡಿನಿಂದ ಕೆರೆದರೆ ಹೋಗುತ್ತದೆ, ಅದಕ್ಕೆ ಹೆದರಬೇಡಿ. ಹೆದರಬೇಕಾದ್ದು ಮೆಟ್ಟಿಲಿಗೆ. ಗನ್ ಬ್ಯಾರೆಲ್ ಮೇಲಿನ ಜೋಡುಗೆರೆಗೆ ಅಡ್ಡವಾಗಿ ಉಗುರು ಎಳೆಯಿರಿ. ಬರೀ ಗೆರೆ ಆದರೆ ಉಗುರು ಎರಡೂ ಕಡೆಯಿಂದ ಒಂದೇ ಥರ ದಾಟುತ್ತದೆ. ಒಂದು ಕಡೆಯಿಂದ ಹೋಗುವಾಗ ತಡೆದು, ಇನ್ನೊಂದು ಕಡೆಯಿಂದ ಜಾರಿದರೆ ಡೈಯ ಎರಡು ಪಾಲು ಜರುಗಿವೆ ಅಂತ ಅರ್ಥ. ಆ ಬ್ಯಾರೆಲ್ ಗುಂಡಗಿಲ್ಲ. ಎಷ್ಟು ಉಜ್ಜಿದರೂ ಗುಂಡಗಾಗುವುದೂ ಇಲ್ಲ.

ನಂತರ ಎಜೆಕ್ಟರ್ ಪಿನ್ ಗುರುತು. ಅಚ್ಚಾದ ಭಾಗವನ್ನು ಡೈಯಿಂದ ಹೊರಕ್ಕೆ ತಳ್ಳುವ ಪಿನ್ನಿನ ದುಂಡು ಗುರುತು. ಡೈ ಮಾಡಿದವನ ತಲೆ ಎಷ್ಟು ಓಡಿದೆ ಅಂತ ನಾನು ಅಳೆಯುವುದು ಇಲ್ಲೇ. ಸಾದಾ ಕಿಟ್‌ನಲ್ಲಿ ಒಳಮೈ ಕಾಣುವುದಿಲ್ಲ, ಪಿನ್ ಅಲ್ಲಿ ಇಟ್ಟರೆ ಆಯಿತು. ನಿಮ್ಮದರಲ್ಲಿ ಎರಡೂ ಮೈ ಕಾಣುತ್ತದೆ. ಪಿನ್ ಎಲ್ಲಿ ಬಚ್ಚಿಟ್ಟಿದ್ದಾನೆ? ಸೀಟಿನ ಕೆಳಗೋ, ಗುಂಡಿನ ಗೂಡಿನ ಹಿಂದೆಯೋ ಇದ್ದರೆ ಶಭಾಷ್. ಕಮಾಂಡರ್ ಮುಚ್ಚಳದ ಒಳಮೈ ನಟ್ಟನಡುವೆ ಇದ್ದರೆ ನೀವು ಪುಟ್ಟಿ ತುಂಬಿ ಉಜ್ಜಬೇಕು. ಮಿನಿಆರ್ಟ್‌ನವರು ಈ ವಿಷಯದಲ್ಲಿ ಬಹುಮಟ್ಟಿಗೆ ಬುದ್ಧಿವಂತರು. ನನ್ನ ತಕರಾರು ಬೇರೆ. ಪ್ಲಾಸ್ಟಿಕ್ ಕೊಂಚ ಮೆತ್ತಗೆ, ತೆಳ್ಳನೆ ಹಿಡಿಕೆಗಳಿಗೆ ಗೇಟ್ (ಭಾಗ ಚೌಕಟ್ಟಿಗೆ ಅಂಟಿರುವ ಜಾಗ) ಜಾಸ್ತಿ. ಕತ್ತರಿಸುವಾಗಲೇ ಅರ್ಧ ಮುರಿಯುತ್ತವೆ. ಅಂಥ ಕಡೆ ಒಳ್ಳೆ ನಿಪ್ಪರ್ ಕೂಡ ಬೇಡ, ಸಣ್ಣ ಗರಗಸದ ಬ್ಲೇಡ್ ಹಾಕಿ.

ಆಮೇಲೆ ವರ್ನಿಯರ್ ತಗೊಳ್ಳಿ. ಟಿ-55ರ ಅಗಲ 3.27 ಮೀಟರ್. 35ರಿಂದ ಭಾಗಿಸಿದರೆ 93.4 ಮಿ.ಮೀ. ಅದನ್ನು ಕಟ್ಟಿದ ಮೇಲೆಯೇ ಅಳೆಯಬಹುದು. ಆದರೆ ಚಕ್ರದ ವ್ಯಾಸ 810 ಮಿ.ಮೀ., ಅಂದರೆ ಕಿಟ್‌ನಲ್ಲಿ 23.1. ಟ್ರ್ಯಾಕ್, ಅಂದರೆ ಚಕ್ರಗಳ ಸುತ್ತಿನ ಸರಪಳಿ, ಅದರ ಅಗಲ 580, ಕಿಟ್‌ನಲ್ಲಿ 16.6. ಇವೆರಡನ್ನೂ ಚೌಕಟ್ಟಿನ ಮೇಲೇ ಅಳೆಯಬಹುದು. ಪಕ್ಕದ ಹಲಗೆಯಲ್ಲಿ ಚಕ್ರದ ತೂತುಗಳನ್ನೂ ನೋಡಿ. ಮೊದಲನೇ ಮತ್ತು ಎರಡನೇ ಚಕ್ರದ ನಡುವೆ ದೊಡ್ಡ ಸಂದು ಇರಬೇಕು. ಈ ಟ್ಯಾಂಕನ್ನು ದೂರದಿಂದ ಗುರುತು ಹಿಡಿಯುವುದೇ ಆ ಸಂದಿನಿಂದ. ಅದು ತಪ್ಪಿದ್ದರೆ ಉಳಿದ ಸಾವಿರ ಭಾಗ ಕಟ್ಟಿಕೊಂಡು ಏನು ಮಾಡುವುದು?

ಟರೆಟ್, ಅಂದರೆ ಗನ್ ಇರುವ ತಿರುಗುವ ಮೇಲ್ಭಾಗ, ಎರಕದ್ದು. ಮೈ ತುಸು ಒರಟಾಗಿರಬೇಕು, ಮೇಲೆ ಛಾವಣಿಯ ಎರಡು ತಟ್ಟೆ ಬೆಸೆದ ಗುರುತು ಇರಬೇಕು. ನುಣ್ಣಗಿದ್ದರೆ ಚಿಂತೆಯಿಲ್ಲ. ತೆಳು ಪುಟ್ಟಿ ಸವರಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕುಟ್ಟಿದರೆ ಎರಕದ ಮೈ ಬರುತ್ತದೆ. ದುಂಡು ಸರಿಯಿದೆಯಾ ಅಂತ ಮಾತ್ರ ಮೇಲಿನಿಂದ ತೆಗೆದ ಫೋಟೋ ಪಕ್ಕ ಇಟ್ಟು ನೋಡಿ. ಮೈ ತಿದ್ದಬಹುದು, ಆಕಾರ ತಿದ್ದುವುದು ಕಷ್ಟ.

ಟ್ರ್ಯಾಕ್ ಒಂದೊಂದೇ ಕೊಂಡಿ. ಒಂದು ಬದಿಗೆ 90. ಅದೊಂದು ಬೇಜಾರಿನ ಕೆಲಸ, ಹಾಡು ಹಾಕಿಕೊಂಡು ಕೂತುಬಿಡಿ.

ಕೊನೆಗೆ ಅಸಲು ಮಾತು. ಒಳಭಾಗಕ್ಕೆ ದುಡ್ಡು ಕೊಟ್ಟಿದ್ದೀರಿ. ಕಟ್ಟಿ ಮುಗಿದ ಮೇಲೆ ಅದು ಎಲ್ಲಿಂದ ಕಾಣುತ್ತದೆ? ಟರೆಟ್ ಮೇಲೆ ಎರಡು ಸಣ್ಣ ಮುಚ್ಚಳ, ಡ್ರೈವರಿಗೆ ಒಂದು. ಅಷ್ಟೇ. ಅದರೊಳಗೆ ಟಾರ್ಚ್ ಬಿಟ್ಟರೂ ಸೀಟಿನ ಅಂಚು ಕಂಡರೆ ಹೆಚ್ಚು. ಎಲ್ಲ ಮುಚ್ಚಿ ಅಂಟಿಸುವವರಾದರೆ ಈ ಕಿಟ್ ವಾಪಸ್ ಮಾಡಿ, ಟಮಿಯಾ ತಗೊಳ್ಳಿ. ಟರೆಟ್ ಎತ್ತಿ ತೋರಿಸುವ ಹಾಗೆ, ಎಂಜಿನ್ ಮೇಲಿನ ಹಲಗೆ ಅಂಟಿಸದೆ ಬಿಡುವ ಹಾಗೆ ಯೋಚನೆ ಇದ್ದರೆ ಇಟ್ಟುಕೊಳ್ಳಿ.

ಹಾಸನದ ಹವ್ಯಾಸಿ:

ಸರ್, ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೇ ಅಳೆದೆ. ಚಕ್ರ ಸರಿಯಾಗಿದೆ, ಟ್ರ್ಯಾಕೂ ಅಷ್ಟೇ, ಸಂದೂ ಇದೆ. ಬ್ಯಾರೆಲ್ ಮೇಲೆ ಬರೀ ಗೆರೆ, ಮೆಟ್ಟಿಲಿಲ್ಲ. ಪಿನ್ ಗುರುತು ಹೆಚ್ಚಿನವು ಮರೆಯಲ್ಲೇ ಇವೆ. ಒಂದೇ ಅನುಮಾನ. ಹಲ್‌ನ ತಳದ ಹಲಗೆಯನ್ನು ಗಾಜಿನ ಮೇಲೆ ಇಟ್ಟರೆ ಒಂದು ಮೂಲೆ ಕೊಂಚ ಎದ್ದಿದೆ. ವಿಸಿಟಿಂಗ್ ಕಾರ್ಡ್ ತೂರುತ್ತದೆ.

ಗುಟ್ಟಾಗಿ ಇಡಬೇಕು ಅಂದುಕೊಂಡಿದ್ದೆ, ಆಗಲಿಲ್ಲ. ಮಾವ ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲೇ ಕೂತರು. ಮೊದಲು ಹುಡುಕಿದ್ದು ಎಂಜಿನ್. "ಅಡ್ಡ ಕೂರಿಸಿದಾರೋ ಉದ್ದಕ್ಕೋ ನೋಡು" ಅಂದರು. ಅಡ್ಡವೇ ಇದೆ ಅಂತ ಚಿತ್ರ ತೋರಿಸಿದೆ. ಹನ್ನೆರಡು ಸಿಲಿಂಡರ್, 580 ಅಶ್ವಶಕ್ತಿ, ಅದನ್ನು ಎತ್ತಬೇಕಾದರೆ ಏನೇನು ಬಿಚ್ಚಬೇಕು ಅಂತ ಶುರು ಮಾಡಿದರು. ಕಾಫಿ ಆರಿಹೋಯಿತು. ಡ್ರೈವರ್ ಬಲಕ್ಕೆ ಇರುವ ಗೂಡನ್ನು ಬೆರಳಿಟ್ಟು ತೋರಿಸಿ, "ಇದರಲ್ಲಿ 18 ಗುಂಡು, ಸುತ್ತ ಡೀಸೆಲ್. ಡ್ರೈವರ್ ಪಕ್ಕದಲ್ಲೇ" ಅಂದರು. ಗುಂಡು ತುಂಬುವ ಲೋಡರ್ ಬಲಗಡೆ ಕೂರುವುದರಿಂದ ಎಡಗೈಯಲ್ಲಿ ಗುಂಡು ತಳ್ಳಬೇಕು, ಅದಕ್ಕೇ ಹೊಸ ಹುಡುಗರು ಬೈದುಕೊಳ್ಳುತ್ತಿದ್ದರು ಅಂತಲೂ ಹೇಳಿದರು.

ಅಂದ ಮೇಲೆ ವಾಪಸ್ ಮಾಡುವ ಮಾತು ಮುಗಿಯಿತು. ಎಂಜಿನ್ ಹಲಗೆ ಅಂಟಿಸುವುದಿಲ್ಲ. ಈಗ ಎರಡು ಪ್ರಶ್ನೆ. ಎದ್ದಿರುವ ಮೂಲೆಗೆ ಏನು ಮಾಡಲಿ? ಮತ್ತೆ, 1971ರ ಭಾರತದ ಟ್ಯಾಂಕ್ ಮಾಡಬೇಕಾದರೆ ಇದು ನಡೆಯುತ್ತಾ?

ಕರಾವಳಿ ಬ್ರಷ್:

ಸರಿ, ಟಮಿಯಾ ಮಾತು ವಾಪಸ್ ತಗೊಂಡೆ! ಮಾವ ಇದ್ದಾರೆ ಅಂದ ಮೇಲೆ ಒಳಭಾಗ ಬೇಕೇ ಬೇಕು.

1971ರ ವಿಷಯ. ಜಮ್ಮು ಗಡಿಯ ಛಂಬ್‌ನಲ್ಲಿ ನಮ್ಮ ಕಡೆ 72 ಆರ್ಮರ್ಡ್ ರೆಜಿಮೆಂಟಿನ ಟಿ-55 ಮತ್ತು 9 ಹಾರ್ಸ್ ರೆಜಿಮೆಂಟಿನ ಟಿ-54 ಇದ್ದವು. ಎದುರಿಗೆ ಪಾಕಿಸ್ತಾನದ ಟೈಪ್ 59. ಅದು ಟಿ-54ಎಯ ಚೀನೀ ನಕಲು. ಹಾಗಾಗಿ ಫೋಟೋ ನೋಡುವಾಗ ಯಾರ ಟ್ಯಾಂಕ್ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ, ಜಾಲತಾಣಗಳಲ್ಲಿ ಅದಲುಬದಲಾದ ಶೀರ್ಷಿಕೆಗಳು ಬೇಕಾದಷ್ಟಿವೆ. ನಿಮ್ಮದು ಟಿ-55ಎ. ಸಾದಾ ಟಿ-55ಕ್ಕೆ ಮುಂದಿನ ಇಳಿಜಾರು ಹಲಗೆಯ ನಡುವೆ ಮೆಷಿನ್‌ಗನ್ನಿನ ಒಂದು ಸಣ್ಣ ತೂತು ಇರುತ್ತದೆ, ಎಯಲ್ಲಿ ಇಲ್ಲ. ಎಯಲ್ಲಿ ಟರೆಟ್ ಮುಚ್ಚಳಗಳ ಸುತ್ತ ವಿಕಿರಣ ತಡೆಯುವ ದಪ್ಪ ಪದರ ಎದ್ದು ಕಾಣುತ್ತದೆ. ನೀವು ಆರಿಸಿದ ಫೋಟೋದಲ್ಲಿ ತೂತು ಇದೆಯೋ ಇಲ್ಲವೋ ನೋಡಿ ತೀರ್ಮಾನಿಸಿ. ಲೋಡರ್ ಮುಚ್ಚಳದ ಮೇಲಿನ ದೊಡ್ಡ ಮೆಷಿನ್‌ಗನ್ ಸುಮ್ನೆ ಅಂಟಿಸಬೇಡಿ, ಅದೂ ಫೋಟೋದಲ್ಲಿ ಇದ್ದರೆ ಮಾತ್ರ.

ಅಹಿಲ್ಯಾನಗರದ ಟ್ಯಾಂಕ್ ಮ್ಯೂಸಿಯಂ ಇರಲಿ, ಯಾವುದೋ ಊರಿನ ವೃತ್ತದಲ್ಲಿ ನಿಲ್ಲಿಸಿರುವುದಿರಲಿ, ನಮ್ಮ ದೇಶದ ಟಿ-55 ನೋಡಿ ಕಟ್ಟುವಾಗ ಗನ್ ಮೇಲೆ ಕಣ್ಣಿಡಿ. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ನಮ್ಮವರು ಅನೇಕ ಟ್ಯಾಂಕುಗಳ 100 ಮಿ.ಮೀ. ಗನ್ ತೆಗೆದು 105 ಮಿ.ಮೀ. ಹಾಕಿದರು. ಹಳೇ ರಷ್ಯನ್ ಗನ್ನಿಗೆ ಹೊಗೆ ಎಳೆಯುವ ದಪ್ಪ ಉರುಟು ಬಾಯಿಯ ಹತ್ತಿರ. 105ಕ್ಕೆ ಬ್ಯಾರೆಲ್ ನಡುವೆ. ನಿಮ್ಮ ಕಿಟ್‌ನಲ್ಲಿರುವುದು ಹಳೆಯದು, 1971ಕ್ಕೆ ಅದೇ ಬೇಕು.

ಮಸಿ ಬಳಿಯುವಾಗ ನೆನಪಿಡಿ, ಹೊಗೆಕೊಳವೆ ಎಡಗಡೆ ಫೆಂಡರ್ ಮೇಲೆ. ಎರಡೂ ಕಡೆ ಕಪ್ಪು ಮಾಡಿದವರನ್ನು ನೋಡಿದ್ದೇನೆ. ಲ್ಯಾಕರ್ ಬಣ್ಣವನ್ನು ಮಳೆಗಾಲದಲ್ಲಿ ಹೊಡೆಯಬೇಡಿ. ಮಂಗಳೂರಲ್ಲಿ ಜುಲೈಯಲ್ಲಿ ಹೊಡೆದರೆ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಹಾಸನದಲ್ಲೂ ತೇವ ಕಮ್ಮಿಯೇನಲ್ಲ.

ಪೀಣ್ಯ ಡೈಮೇಕರ್:

ಮೂಲೆ ಎದ್ದಿರುವುದು ಡೈ ದೋಷ ಆಗಿರಬೇಕಿಲ್ಲ. ತೆಳು ಹಲಗೆ, ಬಿಸಿ ಇರುವಾಗಲೇ ಹೊರಗೆ ಬಂದರೆ ಬಾಗುತ್ತದೆ. ಪೆಟ್ಟಿಗೆಯಲ್ಲಿ ಭಾರ ಬಿದ್ದರೂ ಬಾಗುತ್ತದೆ. ವಾಪಸ್ ಮಾಡುವ ಯೋಚನೆ ಬಿಟ್ಟಿದ್ದೀರಲ್ಲ, ಕತ್ತರಿಸಿ ತೆಗೆಯಿರಿ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ. ಕೈ ಇಡಲು ಆಗದಷ್ಟು ಬಿಸಿ ಸಾಕು, ಕುದಿಯುವ ನೀರು ಬೇಡ. ತೆಗೆದು ದಪ್ಪ ಗಾಜಿನ ಮೇಲೆ ಇಟ್ಟು ಒತ್ತಿ ಹಿಡಿದು, ಹಾಗೇ ತಣ್ಣೀರು ಸುರಿಯಿರಿ. ಒಂದೇ ಸಲಕ್ಕೆ ಪೂರ್ತಿ ಹೋಗಲಿಕ್ಕಿಲ್ಲ. ಕೂದಲೆಳೆಯಷ್ಟು ಉಳಿದರೆ ಬಿಡಿ, ಪಕ್ಕದ ಹಲಗೆಗಳು ಎಳೆದು ಕೂರಿಸುತ್ತವೆ.

ಅಂಟಿಸುವ ಕ್ರಮ ಪುಸ್ತಕದಲ್ಲಿ ಇರುವ ಹಾಗೇ ಮಾಡಬೇಡಿ. ಮೊದಲು ತಳ, ಎರಡು ಪಕ್ಕ, ಹಿಂಗೋಡೆ ಇವಿಷ್ಟನ್ನೂ ಅಂಟಿಲ್ಲದೆ ಕೂರಿಸಿ, ಮೇಲಿನ ಹಲಗೆ ಇಟ್ಟು ನೋಡಿ, ರಬ್ಬರ್ ಬ್ಯಾಂಡ್ ಹಾಕಿ. ಗಾಜಿನ ಮೇಲೆ ಮಟ್ಟ ಬಂದ ಮೇಲೆ ತೆಳು ಸಿಮೆಂಟನ್ನು (ಪ್ಲಾಸ್ಟಿಕ್ ಅಂಟನ್ನು) ಒಳಗಿನಿಂದ ಬ್ರಷ್ಷಿನ ತುದಿಯಲ್ಲಿ ಮುಟ್ಟಿಸಿ. ಮೇಲಿನ ಹಲಗೆಗೆ ಮಾತ್ರ ಸಿಮೆಂಟ್ ತಾಗಬಾರದು. ಒಂದು ರಾತ್ರಿ ಹಾಗೇ ಬಿಡಿ. ಎಂಜಿನ್ ಮತ್ತು ಗೂಡುಗಳನ್ನು ಹೊರಗೇ ಬಣ್ಣ ಹಚ್ಚಿ ಆಮೇಲೆ ಇಳಿಸಿ.

ಹಿತ್ತಾಳೆಯ ಜಾಲರಿ ಬಾಗಿಸುವ ಮುಂಚೆ ಕ್ಯಾಂಡಲ್ ಮೇಲೆ ಹಿಡಿದು ಕಾಯಿಸಿ, ಮೆತ್ತಗಾಗುತ್ತದೆ. ಅದಕ್ಕೆ ಪ್ಲಾಸ್ಟಿಕ್ ಸಿಮೆಂಟ್ ಹಿಡಿಯದು, ಸೂಪರ್ ಗ್ಲೂ ಬೇಕು. ಎಳೆಯುವ ಹಗ್ಗಕ್ಕೆ ಯಾವುದಾದರೂ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ಚೂರು ತಂತಿ ಕೇಳಿ ಹೊಸೆದುಕೊಳ್ಳಿ. ಮತ್ತೆ ಆ ಎಂಜಿನ್ ಮೇಲೆ ಯಾವ ಪೈಪಿಗೆ ಯಾವ ಬಣ್ಣ ಅಂತ ಪುಸ್ತಕ ನೋಡಬೇಡಿ. ಮಾವನನ್ನು ಕೇಳಿ, ಅವರು ಹೇಳಿದ್ದನ್ನು ಇಲ್ಲೂ ಬರೆದು ಹಾಕಿ. ನನ್ನ ಕಪಾಟಿನಲ್ಲೂ ಇದೇ ಪೆಟ್ಟಿಗೆ ಒಂದಿದೆ.