ಗ್ರಾಫಿಕ್ಸ್ ಕಾರ್ಡ್ 74 ಡಿಗ್ರಿ ಅಷ್ಟ ತೋರಸ್ತದ, ಆದ್ರೂ ಗೇಮ್‌ನಾಗ ಎಫ್‌ಪಿಎಸ್ (ಸೆಕೆಂಡಿಗೆ ಬರೋ ಫ್ರೇಮ್) ಇಳೀತದ. ಯಾಕ?

ರಾಯಚೂರ್_ಬಿಸಿಲು
ತಲಿ ಕೆಟ್ಟು ಹೋಗ್ಯದ. ಕಾರ್ಡಿನ ವೇಗ ಏರಸೋ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಾಗ ಕೋರ್ (ಮುಖ್ಯ ಚಿಪ್) +90, ಮೆಮೊರಿ +1000 ಮೆಗಾಹರ್ಟ್ಜ್ ಹಾಕೀನಿ. ಟೆಂಪರೇಚರ್ 74 ದಾಟಂಗಿಲ್ಲ. 95 ಇದ್ದ ಎಫ್‌ಪಿಎಸ್ ಈಗ 80. ಓವರ್‌ಕ್ಲಾಕ್ ಮಾಡಿದ್ರ ಏರಬೇಕಲ್ಲ? ಡ್ರೈವರ್ ಬದಲಿ ಮಾಡೀನಿ, ಅದನ್ನ ಮತ್ತ ಹೇಳಬ್ಯಾಡ್ರಿ.

ಗಣಿಧೂಳು_ಬಳ್ಳಾರಿ
ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬಿ) ಎಷ್ಟು ವ್ಯಾಟ್? ಒಂದೇ ಕೇಬಲ್ ಕವಲೊಡೆದು ಕಾರ್ಡಿನ ಎರಡು 8-ಪಿನ್ ಕರೆಂಟ್ ಸಾಕೆಟ್‌ಗೆ ಹಾಕಿದ್ರೆ ಮೊದ್ಲು ತೆಗೀರಿ. ಒಂದು 8-ಪಿನ್‌ಗೆ ಲೆಕ್ಕ 150 ವ್ಯಾಟ್. ಎರಡು ಬೇರೆ ಕೇಬಲ್ ಎಳೀರಿ.

ಗವಿಗುಡ್ಡ_ಕೊಪ್ಪಳ
ಕಾರ್ಡ್ ಯಾವ್ದಂತ ಬರದ ಇಲ್ಲಲ್ಲ ಅಣ್ಣಾ. 3060ಕ್ಕೂ 3080ಕ್ಕೂ ಒಂದ ಮದ್ದು ನಡಿಯಂಗಿಲ್ಲ. 74 ಅನ್ನೋದು ಕೋರಿಂದು. ಎಚ್‌ಡಬ್ಲ್ಯೂಇನ್‌ಫೋ (ಬಿಸಿ ತೋರಸೋ ಸಾಫ್ಟ್‌ವೇರ್) ತಗದು ಹಾಟ್‌ಸ್ಪಾಟ್ (ಕೋರಿನ ಅತಿ ಬಿಸಿ ಜಾಗ), ಮೆಮೊರಿ ಜಂಕ್ಷನ್ (ಮೆಮೊರಿ ಚಿಪ್ ಒಳಗಿನ ಬಿಸಿ) ಎರಡೂ ನೋಡಿ ಹೇಳ್ರಿ.

ರಾಯಚೂರ್_ಬಿಸಿಲು
3080, 10 ಜಿಬಿ. ಎಸ್‌ಎಂಪಿಎಸ್ 750. ಹಾಟ್‌ಸ್ಪಾಟ್ 87. ಮೆಮೊರಿ ಜಂಕ್ಷನ್ 110 ಅದ! ಪಿಸಿ ಟೇಬಲ್ ಕೆಳಗಿನ ಖಾನೆಯಾಗ ಇಟ್ಟೀನಿ, ರೂಮ್ 38.

ಗವಿಗುಡ್ಡ_ಕೊಪ್ಪಳ
ಖಾನೆ ಸುದ್ದಿ ಈಗ ಹೇಳ್ತೀರಿ! ಈ ಕಾರ್ಡಿನ ಜಿಡಿಡಿಆರ್6ಎಕ್ಸ್ ಮೆಮೊರಿ 110 ಮುಟ್ಟಿದ್ರ ಕಾರ್ಡ್ ತಾನ ಕ್ಲಾಕ್ (ವೇಗ) ಇಳಸ್ತೈತಿ. ಕೋರ್‌ಗೂ ಹಾಟ್‌ಸ್ಪಾಟ್‌ಗೂ ಅಂತರ 13 ಅಷ್ಟ, ಅಂದ್ರ ಕೋರ್ ಮ್ಯಾಲಿನ ಶಾಖ ಸಾಗಸೋ ಪೇಸ್ಟ್ ಚೊಲೋ ಐತಿ, ಅದನ್ನ ಮುಟ್ಟಬ್ಯಾಡ್ರಿ.

ಗಣಿಧೂಳು_ಬಳ್ಳಾರಿ
ಆದ್ರೂ 3080 ಅಂದ್ರೆ 320 ವ್ಯಾಟ್. ಕ್ಷಣದಾಗ ಅದಕ್ಕಿಂತ ಭಾಳ ಮ್ಯಾಲೆ ಜಿಗೀತೈತೆ. 850 ಇಲ್ದೆ ಓವರ್‌ಕ್ಲಾಕ್ ಬ್ಯಾಡ.

ಗವಿಗುಡ್ಡ_ಕೊಪ್ಪಳ
ಎಸ್‌ಎಂಪಿಎಸ್ ಸಾಲದಿದ್ರ ಪಿಸಿ ಗಪ್ ಅಂತ ಆಫ್ ಆಗ್ತೈತಿ, 95 ಹೋಗಿ 80 ಆಗಂಗಿಲ್ಲ.
ಇನ್ನೊಂದು ಮಾತು. ಈ ಮೆಮೊರಿ ತಪ್ಪು ಡೇಟಾ ಹೋದ್ರ ಮತ್ತ ಕಳಸ್ತೈತಿ. ಹಿಂಗಾಗಿ +1000 ತಡಿಲಿಕ್ಕಾಗದಿದ್ರೂ ಪರದೆ ಮ್ಯಾಲ ಚುಕ್ಕಿ-ಗೆರಿ ಬರದನ ಸುಮ್ನ ವೇಗ ಕಡಿಮಿ ಆಗಬಹುದು. ಪರೀಕ್ಷೆ ಸುಲಭ: ಪಿಸಿ ತಣ್ಣಗಿದ್ದಾಗ ಗೇಮ್ ಹಚ್ರಿ. ಮೊದಲ ನಿಮಿಷದಿಂದನ 80 ಇದ್ರ ತಪ್ಪು ಆ +1000ದ್ದು. ಹತ್ತು ನಿಮಿಷದ ಮ್ಯಾಲ ಇಳದ್ರ ಶಾಖದ್ದು.

ತುಂಗಭದ್ರಾ_ಲೂಪ್
ನಂದು ಕಸ್ಟಮ್ ಲೂಪ್ (ನೀರು ಹರಿಸಿ ತಂಪು ಮಾಡೋದು), 360 ರೇಡಿಯೇಟರ್ ಎರಡು. ಮೆಮೊರಿ 70 ದಾಟಿದ್ದ ನೋಡಿಲ್ಲ 😎

ಗಣಿಧೂಳು_ಬಳ್ಳಾರಿ
ಎಸಿ ರೂಮ್‌ನಾಗ ಕುಂತು ಹೇಳ್ಬ್ಯಾಡ್ರಿ. ನೀರಾದ್ರೂ ರೂಮ್‌ಗಿಂತ ತಣ್ಣಗೆ ಆಗಲ್ಲ. ಬಿಸಿಲಣ್ಣ, ಪಿಸಿ ಸೈಡ್ ಗ್ಲಾಸ್ ತೆಗೆದು ರೂಮ್ ಕೂಲರ್ ಮುಖ ಅತ್ಲಾಗ ತಿರುಗ್ಸಿ.

ಗವಿಗುಡ್ಡ_ಕೊಪ್ಪಳ
ನೀರು ಹಾಕೋ ರೂಮ್ ಕೂಲರ್ ಗಾಳಿ ಪಿಸಿಗೆ ನೇರ ಬ್ಯಾಡ! ಹಸಿ ಗಾಳಿಗೆ ಧೂಳು ಫಿನ್‌ನಾಗ ಕೆಸರಾಗಿ ಕೂಡ್ತೈತಿ.

ರಾಯಚೂರ್_ಬಿಸಿಲು
ಪರೀಕ್ಷೆ ಮಾಡೀನಿ. ಶುರುವಿಗೆ 97, ಹನ್ನೊಂದನೇ ನಿಮಿಷಕ್ಕ 80.

ಗವಿಗುಡ್ಡ_ಕೊಪ್ಪಳ
ಹಂಗಾದ್ರ ಶಾಖನ. ಪಿಸಿ ಖಾನೆಯಿಂದ ಹೊರಗ, ಗೋಡಿಯಿಂದ ಒಂದು ಗೇಣು ದೂರ. ಆಫ್ಟರ್‌ಬರ್ನರ್ ರೀಸೆಟ್. ಕಂಟ್ರೋಲ್+ಎಫ್ ಒತ್ತಿ ವೋಲ್ಟೇಜ್-ವೇಗದ ಕರ್ವ್ ತಗೀರಿ, 850 ಮಿಲಿವೋಲ್ಟ್‌ನ ಚುಕ್ಕಿ 1800 ಮೆಗಾಹರ್ಟ್ಜ್‌ಗೆ ಎತ್ತಿ, ಬಲಗಡೆದೆಲ್ಲ ಅದೇ ಮಟ್ಟಕ್ಕ ಸಪಾಟ ಮಾಡಿ ಅಪ್ಲೈ ಕೊಡ್ರಿ. ಕ್ರ್ಯಾಶ್ ಆದ್ರ 875. ವ್ಯಾಟ್ ಇಳದ್ರ ಅದೇ ಹೀಟ್‌ಸಿಂಕಿಗೆ ಅಂಟಿದ ಮೆಮೊರಿನೂ ತಂಪಾಗ್ತೈತಿ. ಆಮ್ಯಾಲ ಮೆಮೊರಿ 100-100 ಏರಸ್ರಿ, ಜಂಕ್ಷನ್ 100 ಮುಟ್ಟಿದಲ್ಲಿ ನಿಲ್ಲಸ್ರಿ. ಸ್ಟಾರ್ಟಪ್‌ನಾಗ ಅಪ್ಲೈ ಅನ್ನೋದು ಈಗ ಒತ್ತಬ್ಯಾಡ್ರಿ. ಸೆಟ್ಟಿಂಗ್ ಕೆಟ್ಟಿದ್ರ ಬೂಟ್ ಆದಾಗೆಲ್ಲ ಹ್ಯಾಂಗ್ ಆಗ್ತೈತಿ.

ತುಂಗಭದ್ರಾ_ಲೂಪ್
ಕಾರ್ಡಿಗೆ ಪೂರಾ ಹೊರೆ ಹಾಕೋ ಫರ್‌ಮಾರ್ಕ್ ಟೆಸ್ಟ್ ಒಂದು ತಾಸು ಓಡಿಸಿ ನೋಡ್ರಿ, ಖರೆ ಗೊತ್ತಾಗ್ತದ.

ಗವಿಗುಡ್ಡ_ಕೊಪ್ಪಳ
38 ಡಿಗ್ರಿ ರೂಮ್‌ನಾಗ ಫರ್‌ಮಾರ್ಕಾ? ಆಡೋ ಗೇಮನ್ನ ಅರ್ಧ ತಾಸು ಆಡ್ರಿ ಸಾಕು.

ರಾಯಚೂರ್_ಬಿಸಿಲು
850ಕ್ಕ 1800 ನಿಂತದ. ಮೆಮೊರಿ +300, ಜಂಕ್ಷನ್ 98, ಎಫ್‌ಪಿಎಸ್ 96, ಇಳದಿಲ್ಲ. ಮೆಮೊರಿಗೂ ಹೀಟ್‌ಸಿಂಕಿಗೂ ನಡುವಿನ ಥರ್ಮಲ್ ಪ್ಯಾಡ್ ಬದಲಿ ಮಾಡಿದ್ರ ಇನ್ನೂ ಇಳೀತದೇನು? 1.5 ಎಂಎಂ ತರ್ಲೇನು?

ಗವಿಗುಡ್ಡ_ಕೊಪ್ಪಳ
ಅಳತಿ ಗೊತ್ತಿಲ್ದ ತರಬ್ಯಾಡ್ರಿ, ಮಾಡೆಲ್‌ಗೊಂದು ದಪ್ಪ ಇರ್ತೈತಿ. ದಪ್ಪ ಹೆಚ್ಚಾದ್ರ ಹೀಟ್‌ಸಿಂಕ್ ಎತ್ತಿ ನಿಂತು ಕೋರ್ ಸುಡ್ತೈತಿ. ವಾರಂಟಿ ಐತೇನು?

ಗಣಿಧೂಳು_ಬಳ್ಳಾರಿ
ಅದಿರ್ಲಿ, ಕೇಬಲ್ ಒಂದಾ ಎರಡಾ? ಅದನ್ನ ಹೇಳ್ಲೇ ಇಲ್ಲ.