ಅಪ್‌ಡೇಟ್: ಮಂದಗತಿಯ ಕಾಲದಲ್ಲಿ ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ಕೆಲಸ

ವ್ಯಾಪಾರ ಕುಗ್ಗಿರುವ ಈ ಹೊತ್ತಿನಲ್ಲಿ 462 ವೀಸಾದ (ರಜೆಗೆಂದು ಬಂದು ಕೆಲಸವನ್ನೂ ಮಾಡಬಹುದಾದ ವರ್ಕ್ ಅಂಡ್ ಹಾಲಿಡೇ ವೀಸಾ) ಮೇಲೆ ಬಂದವರಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಗುವುದೇ ಎಂದು ನಾನು ಕೇಳಿದ್ದೆ. ನಗರವನ್ನೇ ನೆಚ್ಚಿ ಕೂರದೆ ಹಣ್ಣಿನ ಸೀಮೆಯತ್ತ ಹೋಗಿ ಎಂದು ನಿಮ್ಮಲ್ಲಿ ಹಲವರು ಉತ್ತರಿಸಿದ್ದಿರಿ. ಆ ಸಲಹೆ ಫಲಿಸಿದೆ. ಈಗ ಶೆಪರ್ಟನ್ ಬಳಿಯ ಒಂದು ಪ್ಯಾಕಿಂಗ್ ಶೆಡ್‌ನಲ್ಲಿ ಪಿಯರ್ ಹಣ್ಣು ವಿಂಗಡಿಸುತ್ತಿದ್ದೇನೆ.

ನಗರದ ಕೆಫೆಗಳಲ್ಲಿ ಸ್ಥಳೀಯ ಅನುಭವವನ್ನೇ ಮೊದಲು ಕೇಳುತ್ತಿದ್ದರು. ಒಬ್ಬರೇ ಮಾಲೀಕರ ಬಳಿ ಸಾಮಾನ್ಯವಾಗಿ ಆರು ತಿಂಗಳಷ್ಟೇ ದುಡಿಯಬಹುದೆಂಬ ವೀಸಾ ಷರತ್ತು ತಿಳಿದ ಮೇಲೆ ಕೆಲವರು ಮಾತನ್ನೇ ಮುಂದುವರಿಸಲಿಲ್ಲ. ಒಂದು ಹೋಟೆಲಿನವರು ಕನಿಷ್ಠ ವೇತನಕ್ಕಿಂತ ಕಡಿಮೆ ಹಣವನ್ನು ಕೈಗೆ ಕೊಡುವುದಾಗಿ ಹೇಳಿದಾಗ ನಾನು ಒಪ್ಪಲಿಲ್ಲ. 2025ರ ಜುಲೈ 1ರಂದು ರಾಷ್ಟ್ರೀಯ ಕನಿಷ್ಠ ವೇತನ ಗಂಟೆಗೆ 24.95 ಡಾಲರ್‌ಗೆ ಏರಿತು; ಕ್ಯಾಶುಯಲ್ (ಕಾಯಂ ಅಲ್ಲದ) ನೌಕರರಿಗೆ ಅದರ ಮೇಲೆ ಶೇ. 25ರಷ್ಟು ಹೆಚ್ಚು ಸಿಗಬೇಕು. ಕೆಲಸದ ಅಭಾವವಿದೆ ಎಂಬ ಕಾರಣಕ್ಕೆ ಈ ಹಕ್ಕನ್ನು ಯಾರೂ ಬಿಟ್ಟುಕೊಡಬಾರದೆಂದು ನಾನು ದೃಢವಾಗಿ ನಂಬುತ್ತೇನೆ.

ಶೆಡ್‌ನಲ್ಲಿ ಬೆಲ್ಟಿನ ಮೇಲೆ ಹಣ್ಣುಗಳು ಎಡೆಬಿಡದೆ ಬರುತ್ತವೆ. ಪಕ್ಕದ ಹಣ್ಣಿನ ತೊಟ್ಟು ಚುಚ್ಚಿ ಗಾಯವಾದವನ್ನೂ ಕಂದಿದವನ್ನೂ ಹೆಕ್ಕಿ ತೆಗೆಯಬೇಕು. ದಿನವಿಡೀ ನಿಂತೇ ಇರುವುದರಿಂದ ಕಾಲು ಸೋಲುತ್ತದೆ (ಒಳ್ಳೆಯ ಬೂಟು ಕೊಳ್ಳಲು ಜಿಪುಣತನ ಬೇಡ). ಎರಡನೆಯ ವರ್ಷದ ವೀಸಾಕ್ಕೆ ಸರ್ಕಾರ ಗೊತ್ತುಪಡಿಸಿದ ಬಗೆಯ ಕೆಲಸವನ್ನು ಮೂರು ತಿಂಗಳು ಮಾಡಿದ ದಾಖಲೆ ಬೇಕಾಗುವುದರಿಂದ, ಪ್ರತಿಯೊಂದು ಪೇ ಸ್ಲಿಪ್ಪನ್ನೂ ಜೋಪಾನ ಮಾಡುತ್ತಿದ್ದೇನೆ. ಇಲ್ಲಿ ಸುಗ್ಗಿ ಮುಗಿದ ಬಳಿಕ ಕಿತ್ತಳೆ ಕೊಯ್ಲಿಗಾಗಿ ಮಿಲ್ಡುರಾಕ್ಕೆ ಹೋಗುವ ಯೋಚನೆಯಿದೆ. ಅಲ್ಲಿ ವಸತಿಯ ವ್ಯವಸ್ಥೆ ಹೇಗಿದೆಯೆಂದು ಬಲ್ಲವರು ದಯವಿಟ್ಟು ತಿಳಿಸಿ.