‘ಸೀಮಿತ ಆವೃತ್ತಿ’ಯ ತಂಪು ಕನ್ನಡಕ: ಎಣಿಸಿ ಮಾಡಿದ ವಸ್ತುವಿಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ವಾಕ್ಯ ಹತ್ತು ದಿನಗಳಿಂದ ನನ್ನ ಕೆಲಸವನ್ನು ತಡೆದು ನಿಲ್ಲಿಸಿದೆ. ದೊಡ್ಡ ಬೆಲೆಯ ತಂಪು ಕನ್ನಡಕಗಳನ್ನು ಹೇಗೆ ರೂಪಿಸುತ್ತಾರೆ ಎಂಬ ಬಗ್ಗೆ ದೀರ್ಘವಾದ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪ್ಯಾರಿಸ್, ಇಟಲಿಯ ವರೇಸೆ ಪ್ರಾಂತ, ಜಪಾನಿನ ಸಬಾಯೆ, ಹೀಗೆ ಈ ಕಸುಬು ಬೇರುಬಿಟ್ಟ ಊರುಗಳೆಲ್ಲ ಅದರಲ್ಲಿ ಬರುತ್ತವೆ. ಕೊನೆಯ ಭಾಗದ ವಾಕ್ಯವೊಂದನ್ನು ಮೊದಲು ಹೀಗೆ ಬರೆದೆ: ‘ಈ ಮಾದರಿಯನ್ನು 500 ಕನ್ನಡಕಗಳ ಸೀಮಿತ ಆವೃತ್ತಿಯಾಗಿ ಹೊರತರಲಾಗಿದೆ.’ ವ್ಯಾಕರಣದಲ್ಲಿ ತಪ್ಪಿಲ್ಲ. ಕಾರು, ಕೈಗಡಿಯಾರ, ಮೊಬೈಲ್‌ಗಳ ಜಾಹೀರಾತಿನಲ್ಲಿ ಇದೇ ಮಾತು ಓಡಾಡುತ್ತಿದೆ. ಆದರೂ ಓದಿದಾಗಲೆಲ್ಲ ಊಟದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತದೆ. ಯಾಕೆ ಎಂದು ಹುಡುಕುತ್ತ ಹೋದೆ. ಕಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ‘ತಂಪು ಕನ್ನಡಕ’ದ ಮಾತು. ಇದು ‘ಕೂಲಿಂಗ್ ಗ್ಲಾಸ್’ ಎಂಬುದರ ನೇರ ಅನುವಾದ ಎಂಬ ದೂರು ಹಳೆಯದು. ಆದರೆ ಪತ್ರಿಕೆಗಳು ಅದನ್ನು ಬಳಸಿ ಬಳಸಿ ನಮ್ಮದಾಗಿಸಿವೆ, ನಾನು ಬಿಡುವುದಿಲ್ಲ. ‘ಕಪ್ಪು ಕನ್ನಡಕ’ ಎಂದರೆ ನನಗೆ ನೆನಪಾಗುವುದು ಕಣ್ಣಿನ ಪೊರೆ ತೆಗೆಸಿಕೊಂಡು ಬಂದು ಜಗಲಿಯ ಮೇಲೆ ಕುಳಿತಿದ್ದ ನಮ್ಮ ಅಜ್ಜಿ. ‘ಸುಲೋಚನ’ ಈಗ ಹೆಸರಾಗಿ ಉಳಿದಿರುವಷ್ಟು ವಸ್ತುವಾಗಿ ಉಳಿದಿಲ್ಲ. ‘ಚಾಳೀಸು’ ನನಗೆ ಬಹಳ ಇಷ್ಟದ ಪದ, ಆದರೆ ಅದರೊಳಗೆ ನಲವತ್ತರ ವಯಸ್ಸೇ ಕುಳಿತಿದೆ. ಬಿಸಿಲಿಗೆ ಹಾಕಿಕೊಳ್ಳುವ ಕನ್ನಡಕಕ್ಕೆ ಅದು ಹೊಂದುವುದಿಲ್ಲ.

ಇನ್ನು ‘ಲಕ್ಷುರಿ’. ‘ಐಷಾರಾಮಿ’ ಎಂದು ಎಲ್ಲರೂ ಬರೆಯುತ್ತಾರೆ. ಅದರಲ್ಲಿ ಐಷೂ ಇದೆ, ಆರಾಮವೂ ಇದೆ. ಮೆತ್ತನೆಯ ಸೀಟಿನ ಬಸ್ಸಿಗೋ ಹೋಟೆಲಿನ ಕೋಣೆಗೋ ಸರಿ. ಮೂಗಿನ ಮೇಲೆ ಕೂರುವ ಕನ್ನಡಕಕ್ಕೆ ಎಲ್ಲಿಯ ಆರಾಮ? ‘ದುಬಾರಿ’ ಎಂದರೆ ಕೊಳ್ಳುವವನ ಜೇಬಿನ ಕಡೆಯಿಂದ ಆಡಿದ ಮಾತಾಗುತ್ತದೆ. ‘ಬೆಲೆಬಾಳುವ’ ಎಂಬ ಪದ ನಮ್ಮಲ್ಲಿದೆಯಲ್ಲ, ಅದು ವಸ್ತುವಿನ ಕಡೆಯಿಂದ ಮಾತಾಡುತ್ತದೆ. ಕೇಳಿದ ಬೆಲೆಯನ್ನು ಆ ವಸ್ತು ತಾನೇ ಬಾಳಿ ತೋರಿಸಬೇಕು. ನನ್ನ ಅನುವಾದದ ಉದ್ದಕ್ಕೂ ಅದನ್ನೇ ಇಟ್ಟಿದ್ದೇನೆ. ‘ಕ್ರಾಫ್ಟ್ಸ್‌ಮನ್‌ಶಿಪ್’ಗೆ ‘ಕಸುಬುಗಾರಿಕೆ’. ‘ಕೈಗಾರಿಕೆ’ ಎಂಬುದೇ ಇದಕ್ಕೆ ಹುಟ್ಟಿದ ಪದವಾಗಿತ್ತು. ಅದರಲ್ಲಿ ಕೈ ಎದ್ದು ಕಾಣುತ್ತದೆ. ಆದರೆ ಈಗ ಕೈಗಾರಿಕೆ ಎಂದರೆ ಪೀಣ್ಯದ ಕಾರ್ಖಾನೆಯ ಸಾಲು. ಆ ಪದ ಕೈತಪ್ಪಿ ಹೋದದ್ದಕ್ಕೆ ನನಗೆ ನಿಜವಾಗಿಯೂ ಬೇಸರವಿದೆ.

ಈ ನಡುವೆ ನಮ್ಮ ಬೀದಿಯ ಕನ್ನಡಕದ ಅಂಗಡಿಗೆ ಹೋಗಿದ್ದೆ. ಕನ್ನಡಕದ ಭಾಗಗಳಿಗೆ ಅಂಗಡಿಯವರು ಏನನ್ನುತ್ತಾರೆ ಎಂದು ಕೇಳಬೇಕಿತ್ತು. ಕಿವಿಗೆ ಸಿಕ್ಕಿಸುವುದು ‘ಕಡ್ಡಿ’. ಪ್ಲಾಸ್ಟಿಕ್ಕಿನದಾದರೂ ‘ಗಾಜು’ ಗಾಜೇ. ‘ಕಟ್ಟು’ ಎಂಬ ಪದ ನಮ್ಮ ಕಥೆ ಕಾದಂಬರಿಗಳಲ್ಲಿದೆ, ಚಿನ್ನದ ಕಟ್ಟಿನ ಕನ್ನಡಕ, ದಪ್ಪ ಕಟ್ಟಿನ ಕನ್ನಡಕ ಎಂದೆಲ್ಲ. ಅಂಗಡಿಯಲ್ಲಿ ಮಾತ್ರ ‘ಫ್ರೇಮು’. ಅವರು ಜೇನುಬಣ್ಣದ ಮೇಲೆ ಕಂದು ಮಚ್ಚೆಗಳಿದ್ದ ಒಂದು ಕಡ್ಡಿಯ ತುದಿಯನ್ನು ಬಿಸಿಗಾಳಿಗೆ ಹಿಡಿದು, ಹೆಬ್ಬೆರಳಿನಿಂದ ಒತ್ತಿ ಬಾಗಿಸುತ್ತಿದ್ದರು. ‘ಇದು ಶೆಲ್ ಫ್ರೇಮು ಮೇಡಂ, ಕಾಯಿಸಿದರೆ ಹೇಳಿದ ಮಾತು ಕೇಳುತ್ತದೆ’ ಎಂದರು. ಶೆಲ್ ಯಾಕೆ ಎಂದು ಕೇಳಿದೆ. ಮೊದಲಿನಿಂದಲೂ ಹಾಗೇ ಅನ್ನುತ್ತೇವೆ ಎಂದರು. ಅದು ಆಮೆಯ ಚಿಪ್ಪು ಎಂದು ನಾನು ಹೇಳಿದಾಗ, ಕೆಲಸ ನಿಲ್ಲಿಸಿ ಆ ಕಡ್ಡಿಯನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

ಆಮೆ ಬಿಟ್ಟುಹೋದ ಪದವೊಂದು ಅಂಗಡಿಯ ಮಾತಿನಲ್ಲಿ ಹೀಗೆ ಉಳಿದುಕೊಂಡಿದೆ. ಗಿಡುಗನ ಕೊಕ್ಕಿನಂಥ ಮೂತಿಯ ಒಂದು ಕಡಲಾಮೆಯ ಚಿಪ್ಪು ಒಂದು ಕಾಲಕ್ಕೆ ಕನ್ನಡಕದ ಕಟ್ಟಿಗೆ ಅತ್ಯಂತ ಬೆಲೆಬಾಳುವ ವಸ್ತುವಾಗಿತ್ತು. ಅದರ ಎರಡು ತುಂಡುಗಳನ್ನು ನೀರಿನಲ್ಲಿ ನೆನೆಸಿ, ಶಾಖ ಕೊಟ್ಟು ಒತ್ತಿದರೆ ಅಂಟಿಲ್ಲದೆಯೇ ಕೂಡಿಕೊಳ್ಳುತ್ತವೆ. ಇದಕ್ಕೆ ‘ಜೋಡಣೆ’ ಎಂದು ಬರೆದು ಹೊಡೆದುಹಾಕಿದೆ. ‘ಬೆಸುಗೆ’ ಎಂದು ಬರೆದ ಮೇಲೆ ಸಮಾಧಾನವಾಯಿತು. ಲೋಹಕ್ಕೆ ಹೇಳುವ ಮಾತು ಚಿಪ್ಪಿಗೆ ಹೇಗೆ ಎಂದು ನೀವು ಕೇಳಬಹುದು. ಬೆಸೆದದ್ದರಲ್ಲಿ ಎರಡು ಒಂದಾಗುತ್ತದೆ, ಜೋಡಿಸಿದ್ದರಲ್ಲಿ ಎರಡು ಎರಡಾಗಿಯೇ ಇರುತ್ತದೆ. ಇಲ್ಲಿ ಆಗುವುದು ಮೊದಲನೆಯದು.

ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 1975ರಲ್ಲಿ ಜಾರಿಗೆ ಬಂತು. ಈ ಆಮೆ ಎಲ್ಲ ಕಡಲುಗಳಲ್ಲೂ 1977ರಿಂದ ಅದರ ಮೊದಲ ಪಟ್ಟಿಯಲ್ಲಿದೆ, ಅಂದರೆ ದೇಶದಿಂದ ದೇಶಕ್ಕೆ ಮಾರುವಂತಿಲ್ಲ. ಜಪಾನ್ ತನ್ನ ತಕರಾರನ್ನು ದಾಖಲಿಸಿ 1992ರ ಕೊನೆಯವರೆಗೂ ಆಮದು ಮಾಡಿಕೊಳ್ಳುತ್ತಿತ್ತು. ಪ್ಯಾರಿಸ್‌ನ ಮೇಜೋಂ ಬೊನೆ ಎಂಬ ಮನೆತನದ ಕಾರ್ಯಾಗಾರ ಇವತ್ತಿಗೂ ಚಿಪ್ಪಿನ ಕಟ್ಟುಗಳನ್ನು ಮಾಡುವುದು ನಿಷೇಧಕ್ಕೆ ಮುಂಚೆ ಸಂಗ್ರಹಿಸಿಟ್ಟ ಹಳೆಯ ದಾಸ್ತಾನಿನಿಂದ. ಇಲ್ಲಿ ‘ದುರ್ಲಭ’ ಎಂಬ ಪದ ತಾನಾಗಿ ಬಂದು ಕೂರುತ್ತದೆ. ದೊರಕುವುದೇ ಕಷ್ಟವಾದದ್ದು ದುರ್ಲಭ.

ಆಮೆಯ ಜಾಗಕ್ಕೆ ಬಂದದ್ದು ಸೆಲ್ಯುಲೋಸ್ ಅಸಿಟೇಟ್. ಹತ್ತಿ ಅಥವಾ ಮರದ ತಿರುಳಿನಿಂದ ಮಾಡುವ ಹಾಳೆ. ವರೇಸೆ ಪ್ರಾಂತದ ಕಾಸ್ತಿಲ್ಯೋನೆ ಓಲೋನಾ ಎಂಬ ಊರಿನಲ್ಲಿ 1849ರಲ್ಲಿ ಬಾಚಣಿಗೆ ಮತ್ತು ಗುಂಡಿ ಮಾಡುತ್ತ ಶುರುವಾದ ಮಾತ್ಸುಕೆಲ್ಲಿ ಸಂಸ್ಥೆ ಈ ಹಾಳೆಗಳಿಗೆ ಹೆಸರಾದದ್ದು. ಹಾಳೆಯನ್ನು ಅವಸರದಲ್ಲಿ ಕತ್ತರಿಸಿದರೆ ಕಟ್ಟು ಮುಂದೆ ಸೊಟ್ಟಗಾಗುತ್ತದೆ, ಆದ್ದರಿಂದ ಕತ್ತರಿಸುವ ಮುಂಚೆ ಕಾಯಬೇಕು. ಇದಕ್ಕೆ ನಾನು ‘ಮಾಗಿಸು’ ಎಂದಿದ್ದೇನೆ, ಮಾವಿನ ಹಣ್ಣಿಗೆ ಹೇಳುವಂತೆ. ಕತ್ತರಿಸಿದ ಕಟ್ಟುಗಳನ್ನು ಮರದ ಚಕ್ಕೆಗಳ ಜೊತೆ ಪೀಪಾಯಿಗೆ ಹಾಕಿ ದಿನಗಟ್ಟಲೆ ಉರುಳಿಸುತ್ತಾರೆ. ಆಮೇಲೆ ಒಂದೊಂದನ್ನೂ ಕೈಯಲ್ಲಿ ಹಿಡಿದು ಬಟ್ಟೆಯ ಚಕ್ರಕ್ಕೆ ಕೊಡುತ್ತಾರೆ. ಈ ಎರಡನೆಯ ಕೆಲಸಕ್ಕೆ ‘ಪಾಲಿಶ್’ ಎಂದರೆ ಸಾಕೆ? ನಮ್ಮಲ್ಲಿ ‘ಒಪ್ಪ’ ಇದೆ. ಒಪ್ಪ ಹಾಕುವುದು ಎಂದರೆ ಹೊಳೆಯಿಸುವುದಷ್ಟೇ ಅಲ್ಲ, ಒಪ್ಪುವಂತೆ ಮಾಡುವುದು. ಅಕ್ಕಸಾಲಿಗರ ಮನೆಯವರು ಬಳಗದಲ್ಲಿದ್ದರೆ ‘ಒಪ್ಪ’ಕ್ಕೂ ‘ಮೆರುಗಿ’ಗೂ ಅವರು ಮಾಡುವ ವ್ಯತ್ಯಾಸವನ್ನು ದಯವಿಟ್ಟು ತಿಳಿಸಿ.

ಸಬಾಯೆಯ ಕಥೆ ಬೇರೆ. 1905ರಲ್ಲಿ ಮಸುನಾಗ ಗೊಜಾಎಮೊನ್ ಎಂಬವರು ಫುಕುಯಿ ಸೀಮೆಯ ಹಳ್ಳಿಯಲ್ಲಿ, ಹಿಮ ಬಿದ್ದು ಹೊಲದ ಕೆಲಸ ನಿಂತ ತಿಂಗಳುಗಳಿಗೆ ಹೊಟ್ಟೆಪಾಡಾಗಲಿ ಎಂದು ಒಸಾಕಾದಿಂದ ಕಸುಬುದಾರರನ್ನು ಕರೆಸಿ ರೈತರಿಗೆ ಕನ್ನಡಕ ಮಾಡುವುದನ್ನು ಕಲಿಸಿದರು. ಇವತ್ತು ಜಪಾನಿನ ಕನ್ನಡಕದ ಕಟ್ಟುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅಲ್ಲಿಯವೇ. ಅಂದರೆ ಅಲ್ಲಿಯ ಕೆಲಸ ವಿರಳವೇನೂ ಅಲ್ಲ. ಆದರೂ ಒಬ್ಬರು ಕೀಲು ಕೂರಿಸುವುದನ್ನೇ, ಇನ್ನೊಬ್ಬರು ಒಪ್ಪ ಹಾಕುವುದನ್ನೇ ವರ್ಷಗಟ್ಟಲೆ ಮಾಡಿ ಪಡೆದ ಕೈ ಮಾತ್ರ ಅಪರೂಪದ್ದು. ನೋಡಿ, ‘ವಿರಳ’ಕ್ಕೂ ‘ಅಪರೂಪ’ಕ್ಕೂ ಇರುವ ಅಂತರ ಇಲ್ಲಿ ಹೊಳೆಯಿತು. ವಿರಳ ಎಂಬುದು ಬರಿಯ ಲೆಕ್ಕ: ವಿರಳ ಜನಸಂಖ್ಯೆ, ವಿರಳವಾದ ಕೂದಲು. ಅಪರೂಪದಲ್ಲಿ ಅಕ್ಕರೆ ಇದೆ. ‘ಅಪರೂಪಕ್ಕೆ ಬಂದಿದ್ದೀರಿ, ಊಟ ಮಾಡಿಕೊಂಡೇ ಹೋಗಿ’ ಎನ್ನುತ್ತೇವೆ. ‘ವಿರಳವಾಗಿ ಬಂದಿದ್ದೀರಿ’ ಎಂದು ಯಾರೂ ಅನ್ನುವುದಿಲ್ಲ. ಸಂಸ್ಕೃತದ ನಿಘಂಟಿನಲ್ಲಿ ಅಪರೂಪ ಎಂದರೆ ವಿಕಾರ ರೂಪ ಎಂಬ ಅರ್ಥವಿದೆ. ಕನ್ನಡದ ಬಾಯಲ್ಲಿ ಅದು ಇಷ್ಟು ಸವಿಯಾದದ್ದು ಹೇಗೆ ಎಂಬುದೇ ಪ್ರತ್ಯೇಕ ಚರ್ಚೆಯಾಗಬಲ್ಲದು.

ಈಗ ನನ್ನ ಆ ವಾಕ್ಯಕ್ಕೆ ಬರುತ್ತೇನೆ. ಲಾಸ್ ಏಂಜಲೀಸ್‌ನ ಜಾಕ್ ಮಾರಿ ಮಾಜ್‌ನಂಥ ಸಂಸ್ಥೆಗಳು ಒಂದು ಮಾದರಿಯನ್ನು ಕೆಲವೇ ನೂರರಷ್ಟು ಮಾಡಿಸಿ ನಿಲ್ಲಿಸುತ್ತವೆ. ಅಸಿಟೇಟ್ ಹಾಳೆ ಇನ್ನೂ ಸಿಗುತ್ತದೆ, ಕಸುಬುದಾರರೂ ಇದ್ದಾರೆ, ಕೊಳ್ಳುವವರೂ ಇದ್ದಾರೆ. ಆದರೂ ಸಾಕು ಎಂದು ಮೊದಲೇ ತೀರ್ಮಾನಿಸಿರುತ್ತಾರೆ. ಇದು ದುರ್ಲಭವೂ ಅಲ್ಲ, ಬರಿಯ ವಿರಳವೂ ಅಲ್ಲ. ಮನುಷ್ಯ ಗೆರೆ ಎಳೆದು ತಂದ ಅಪರೂಪ. ಇದನ್ನು ‘ಆವೃತ್ತಿ’ ಎನ್ನುವುದು ಹೇಗೆ? ಆವೃತ್ತಿ ಎಂದರೆ ಮರಳಿ ಬರುವುದು, ಮತ್ತೆ ಮತ್ತೆ ಸುತ್ತುವುದು. ಪುಸ್ತಕಕ್ಕೆ ಅದು ಸರಿ. ಮೊದಲನೆಯದು ಮುಗಿದರೆ ಎರಡನೆಯದು ಬರುತ್ತದೆ ಎಂಬ ಭರವಸೆಯೇ ಆ ಪದದ ಜೀವ. ಮತ್ತೆ ಬರುವುದಿಲ್ಲ ಎಂಬುದನ್ನೇ ಹಿರಿಮೆಯಾಗಿ ಹೇಳಿಕೊಳ್ಳುವ ವಸ್ತುವಿಗೆ, ಮರಳಿ ಬರುವುದು ಎಂಬ ಅರ್ಥದ ಹೆಸರಿಟ್ಟಿದ್ದೇವೆ. ನನಗೆ ಸಿಕ್ಕ ಕಲ್ಲು ಇದು. ‘ಸೀಮಿತ’ವೂ ಹಾಗೆಯೇ, ಅದು ಹೊರಗಿನಿಂದ ಬಂದ ಕೊರತೆಯ ದನಿ ಹೊರಡಿಸುತ್ತದೆ. ಸೀಮಿತ ಅವಕಾಶ, ಸೀಮಿತ ಸಂಪನ್ಮೂಲ ಎಂದು ದಿನವೂ ಓದುತ್ತೇವಲ್ಲ.

ಇಂಥ ಕನ್ನಡಕದ ಕಡ್ಡಿಯ ಒಳಮೈಯಲ್ಲಿ ಅದರ ಕ್ರಮಸಂಖ್ಯೆ ಕೊರೆದಿರುವುದುಂಟು. ಅದನ್ನು ಓದಿದಾಗ ಸೋಮನಾಥಪುರದ ಕೇಶವ ದೇವಾಲಯ ನೆನಪಾಯಿತು. 1258ರ ಆ ಗುಡಿಯ ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮನ ಹೆಸರನ್ನು ಈಗಲೂ ಓದಬಹುದು. ಅಲ್ಲಿ ಮಾಡಿದವನ ಹೆಸರು, ಇಲ್ಲಿ ಮಾಡಿದ್ದರ ಎಣಿಕೆ. ಹೊಯ್ಸಳರ ಕಾಲದ ಶಿಲ್ಪಿಗಳ ‘ರೂವಾರಿ’ ಎಂಬ ಬಿರುದು ಈಗ ಗೆಲುವಿನ ರೂವಾರಿ, ಯೋಜನೆಯ ರೂವಾರಿ ಎಂದು ಸುದ್ದಿಯ ತಲೆಬರಹಗಳಿಗೆ ಹೋಗಿದೆ. ಕನ್ನಡಕವನ್ನು ರೂಪಿಸಿದವರಿಗೆ ‘ವಿನ್ಯಾಸಕ’ ಎನ್ನುವ ಬದಲು ಒಂದೆರಡು ಕಡೆ ರೂವಾರಿ ಎಂದೇ ಬರೆದಿದ್ದೇನೆ. ರೂಪ ಕೊಡುವ ಕೆಲಸಕ್ಕೆ ಆ ಪದ ಮರಳಿ ಬರಲಿ ಎಂಬ ಆಸೆ.

ಸೀಮಿತ ಆವೃತ್ತಿಯ ಬದಲಿಗೆ ನನ್ನ ಬಳಿ ಈಗ ಇರುವುದು ಎರಡು. ಒಂದು, ‘ಎಣಿಸಿ ಮಾಡಿದ’. ‘ಎಣಿಸಿ 500 ಮಾಡಿ ನಿಲ್ಲಿಸಿದರು’ ಎಂದರೆ ತೀರ್ಮಾನವೂ ಕೈಯೂ ಒಟ್ಟಿಗೆ ಕಾಣುತ್ತವೆ. ಆದರೆ ಇದು ವಾಕ್ಯದಲ್ಲಿ ನಡೆಯುತ್ತದೆ, ಹೆಸರಾಗಿ ನಿಲ್ಲುವುದಿಲ್ಲ. ಇನ್ನೊಂದು ಅಡುಗೆಮನೆಯಿಂದ ಬಂದದ್ದು. ನಮ್ಮ ಮನೆಯಲ್ಲಿ ಇಡ್ಲಿಯನ್ನು ‘ಒಬ್ಬೆ’ಯ ಲೆಕ್ಕದಲ್ಲಿ ಹೇಳುತ್ತಿದ್ದರು, ಒಂದು ಸಲಕ್ಕೆ ಪಾತ್ರೆಯಲ್ಲಿ ಬೇಯುವಷ್ಟು ಒಂದು ಒಬ್ಬೆ. ‘ಇದು ಕಡೆಯ ಒಬ್ಬೆ, ಹಿಟ್ಟು ಮುಗಿಯಿತು’ ಎಂದು ಅಮ್ಮ ಒಳಗಿನಿಂದ ಕೂಗಿದರೆ ನಾವು ಮಕ್ಕಳೆಲ್ಲ ತಟ್ಟೆ ಹಿಡಿದು ಓಡುತ್ತಿದ್ದೆವು. ‘ಒಂದೇ ಒಬ್ಬೆಯ ಕನ್ನಡಕ’ ಎಂದರೆ ಹೇಗೆ? ಒಟ್ಟಿಗೆ ಹದಗೊಂಡು, ಒಟ್ಟಿಗೆ ಹೊರಬಂದು, ಅಲ್ಲಿಗೆ ಒಲೆ ಆರಿದ್ದು ಎಂಬ ಭಾವ ಅದರಲ್ಲಿ ಬರುತ್ತದೆ. ಬೆಲೆಬಾಳುವ ವಸ್ತುವಿಗೆ ಇಡ್ಲಿಯ ಮಾತು ಹಗುರವಾಯಿತು ಎಂದು ಒಬ್ಬ ಗೆಳತಿ ಹೇಳಿದಳು. ನನಗೆ ಹಾಗನ್ನಿಸುವುದಿಲ್ಲ, ಹದ, ಪಾಕ, ಎರಕ ಎಲ್ಲವೂ ಬೆಂಕಿಯ ಹತ್ತಿರದ ಪದಗಳೇ.

ಹಾಗಾಗಿ ಕೇಳುತ್ತಿದ್ದೇನೆ. ‘ಒಬ್ಬೆ’ ನಿಮ್ಮ ಕಡೆ ಬಳಕೆಯಲ್ಲಿದೆಯೇ, ಯಾವ ಯಾವ ವಸ್ತುವಿಗೆ? ಕುಂಬಾರರು, ಬಳೆಗಾರರು, ನೇಕಾರರು ಒಂದು ಸಲಕ್ಕೆ ಮಾಡಿದ್ದನ್ನು ಏನೆಂದು ಕರೆಯುತ್ತಾರೆ? ಇಳಕಲ್ಲಿನಲ್ಲೋ ಮೊಳಕಾಲ್ಮೂರಿನಲ್ಲೋ, ‘ಈ ಅಂಚು ಇನ್ನು ಮುಂದೆ ನೇಯುವುದಿಲ್ಲ’ ಎಂದು ಹೇಳುವಾಗ ಮಗ್ಗದವರ ಬಾಯಲ್ಲಿ ಬರುವ ಮಾತು ಯಾವುದು? ಮುಂದಿನ ವಾರದ ಕೊನೆಗೆ ಲೇಖನ ಒಪ್ಪಿಸಬೇಕು. ಅಲ್ಲಿಯವರೆಗೆ ಆ ವಾಕ್ಯದ ಜಾಗ ಖಾಲಿ ಬಿಟ್ಟಿದ್ದೇನೆ.